ಡೋವರ್‌ನಲ್ಲಿ ಹಡಗು ಹತ್ತುವ ಮುನ್ನಾ ರಾತ್ರಿ: ಕ್ಯಾರವಾನ್ ಎಲ್ಲಿ, ಹೇಗೆ ನಿಲ್ಲಿಸಬೇಕು?

ಮ್ಯಾಂಚೆಸ್ಟರ್‌ನಿಂದ ಫ್ರಾನ್ಸಿಗೆ ಹಡಗು ಹೊರಡುವ ಡೋವರ್ ಬಂದರಿಗೆ 450 ಕಿಲೋಮೀಟರ್‌ಗೂ ಜಾಸ್ತಿ. ಕಾರಿನ ಹಿಂದೆ ಕ್ಯಾರವಾನ್ (ಎಳೆದುಕೊಂಡು ಹೋಗುವ ಮನೆಯಂಥ ಗಾಡಿ) ಇದ್ದರೆ ಮೋಟಾರ್‌ವೇಯಲ್ಲೂ ಗಂಟೆಗೆ 60 ಮೈಲಿ ದಾಟುವಂತಿಲ್ಲ. ಇಷ್ಟಿದ್ದೂ ರಾತ್ರಿಯೆಲ್ಲ ಓಡಿಸಿ ಬೆಳಗಿನ ಹಡಗು ಹಿಡಿಯುತ್ತೇವೆ ಅಂತ ಹೊರಡುವ ನಮ್ಮ ಕನ್ನಡದ ಕುಟುಂಬಗಳನ್ನು ನೋಡಿದ್ದೇನೆ. ಮಕ್ಕಳು ಹಿಂದೆ ಮಲಗಿರುತ್ತಾರೆ, ಓಡಿಸುವವರ ಕಣ್ಣು ಎಳೆಯುತ್ತಿರುತ್ತದೆ. ದಯವಿಟ್ಟು ಬೇಡ. ಹಿಂದಿನ ದಿನವೇ ಹೋಗಿ, ಬಂದರಿನ ಹತ್ತಿರ ಒಂದು ರಾತ್ರಿ ತಂಗಿ.

ಮೊದಲು ಟಿಕೆಟ್. ಅದರಲ್ಲಿ ಉದ್ದ ಕೇಳುತ್ತಾರೆ. ಬ್ರೋಷರ್‌ನಲ್ಲಿರುವ ಒಳಗಿನ ಉದ್ದ ಬರೆಯಬೇಡಿ. ಕೊಂಡಿಯ ಮೂತಿಯಿಂದ ಹಿಂದಿನ ಸೈಕಲ್ ಸ್ಟ್ಯಾಂಡ್‌ವರೆಗೆ ಟೇಪು ಹಿಡಿದು ಅಳೆಯಿರಿ. ಎತ್ತರಕ್ಕೆ ಕಾರಿನ ಮೇಲಿನ ಪೆಟ್ಟಿಗೆ, ಕ್ಯಾರವಾನ್ ಮೇಲಿನ ಆಂಟೆನಾ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಫ್ರಾನ್ಸಿನ ಕ್ಯಾಲೆಗೆ ಹಡಗಿನಲ್ಲಿ ಸುಮಾರು ಒಂದೂವರೆ ಗಂಟೆ, ಡೋವರ್ ಪಕ್ಕದ ಫೋಕ್‌ಸ್ಟೋನ್‌ನಿಂದ ಸಮುದ್ರದಡಿಯ ಸುರಂಗದ ರೈಲಿನಲ್ಲಿ 35 ನಿಮಿಷ. ನನಗಂತೂ ಹಡಗೇ ಸರಿ. ಓಡಿಸುವವರಿಗೆ ಕಾಲು ಚಾಚಲು, ಊಟ ಮಾಡಲು ಸಮಯ ಸಿಗುತ್ತದೆ.

ಇನ್ನು ಜಾಗ. ಮ್ಯಾಪಿನಲ್ಲಿ ಬಂದರಿಗೆ ಅಂಟಿಕೊಂಡಂತೆ ಕಾಣುವುದನ್ನು ಸುಮ್ನೆ ಆರಿಸಬೇಡಿ. ಫೋಕ್‌ಸ್ಟೋನ್‌ನಿಂದ ಕ್ಯಾಂಟರ್ಬರಿ ಕಡೆಗೆ ಹೋಗುವ ಎ260 ರಸ್ತೆಯಲ್ಲಿ ಡೆನ್ಸೋಲ್ ಅಂತ ಊರಿದೆ, ಅಲ್ಲಿ ಕ್ಯಾರವಾನ್ ನಿಲ್ಲಿಸಿ ತಂಗುವ ಬ್ಲ್ಯಾಕ್ ಹಾರ್ಸ್ ಫಾರ್ಮ್ ಸೈಟು ಹಡಗಿಗೂ ಸುರಂಗಕ್ಕೂ ಅನುಕೂಲ. ರಸ್ತೆ ಬದಿಯ ಲೇಬೈನಲ್ಲಿ ಮಲಗುವ ಅಡ್ಡದಾರಿ ಬೇಡ. ರಾತ್ರಿಯಿಡೀ ಲಾರಿಗಳು ಅಲುಗಾಡಿಸುತ್ತವೆ, ನಿದ್ದೆ ಬರುವುದಿಲ್ಲ.

ಎಲ್ಲರೂ ಎಡವುವುದು ಇಲ್ಲಿ: ಒಂದೇ ರಾತ್ರಿಗೆ ಕಾರಿನಿಂದ ಗಾಡಿ ಬಿಚ್ಚಿ, ಪಕ್ಕಕ್ಕೆ ಅವ್ನಿಂಗ್ (ಬಟ್ಟೆಯ ಚಪ್ಪರ) ಕಟ್ಟಿ, ಬೆಳಗ್ಗೆ ಕತ್ತಲಲ್ಲಿ ಮತ್ತೆ ಜೋಡಿಸಲು ಪರದಾಡುವುದು. ಬಿಚ್ಚಲೇಬೇಡಿ. ಬುಕ್ ಮಾಡುವಾಗಲೇ ಫೋನ್ ಮಾಡಿ, ‘ಕಾರು ಕಟ್ಟಿಕೊಂಡೇ ಇರುತ್ತೇವೆ, ಎರಡೂ ಹಿಡಿಸುವಷ್ಟು ಉದ್ದದ, ಗಟ್ಟಿ ನೆಲದ ಜಾಗ ಇದೆಯಾ? ಬೆಳಗ್ಗೆ ಗೇಟು ಎಷ್ಟು ಹೊತ್ತಿಗೆ ತೆಗೆಯುತ್ತೀರಿ? ರಾತ್ರಿ ತಡವಾದರೆ ಎಲ್ಲಿ ನಿಲ್ಲಿಸಬೇಕು?’ ಅಂತ ಕೇಳಿ. ಗೇಟಿನ ಸಮಯ ಕೇಳದೆ ಹೋದವರು ಬೆಳಗಿನ ಜಾವ ಬೀಗದ ಮುಂದೆ ನಿಂತಿದ್ದಾರೆ.

ನಿಲ್ಲಿಸುವಾಗ ಹೊರಹೋಗುವ ದಾರಿಗೆ ಮೂತಿ ಮಾಡಿ ನಿಲ್ಲಿಸಿ. ನೆಲ ವಾಲಿದ್ದರೆ ತಗ್ಗಿನ ಕಡೆಯ ಚಕ್ರವನ್ನು ರ‍್ಯಾಂಪ್ ಮೇಲೆ ಹತ್ತಿಸಿ. ಅಗ್ಗದ ತೆಳು ಪ್ಲಾಸ್ಟಿಕ್ಕಿನ ರ‍್ಯಾಂಪ್ ತರಬೇಡಿ, ಭಾರಕ್ಕೆ ಸೀಳುತ್ತದೆ. ಕಾರಿನ ಹ್ಯಾಂಡ್‌ಬ್ರೇಕ್ ಎಳೆದು, ಕಾರಿಗೆ ಹೋಗುವ ಕರೆಂಟ್ ಪ್ಲಗ್ ಮಾತ್ರ ತೆಗೆಯಿರಿ, ಬ್ಯಾಟರಿ ಉಳಿಯುತ್ತದೆ. ಬ್ರೇಕ್‌ಅವೇ ಕೇಬಲ್ (ಗಾಡಿ ಕಳಚಿಕೊಂಡರೆ ಅದರ ಬ್ರೇಕ್ ಹಾಕುವ ತಂತಿ) ಹಾಗೇ ಇರಲಿ. ನಾಲ್ಕು ಮೂಲೆಯ ಕಾಲುಗಳನ್ನು ನೆಲಕ್ಕೆ ತಾಗುವಷ್ಟೇ ಇಳಿಸಿ, ಎತ್ತಿ ಹಿಡಿಯುವಷ್ಟು ಬೇಡ. ಬೆಳಗ್ಗೆ ಅವುಗಳನ್ನು ಮೇಲೆತ್ತದೆ ಹೊರಟ ಒಂದು ಗಾಡಿಯನ್ನು ನೋಡಿದ್ದೇನೆ. ಹಿಂದಿನ ಕಾಲು ಜಲ್ಲಿಯಲ್ಲಿ ಉದ್ದಕ್ಕೂ ಗೆರೆ ಎಳೆಯುತ್ತಾ ಹೋಗಿ, ಕೊನೆಗೆ ಬಾಗಿ ಅಡ್ಡ ನಿಂತಿತು. ಅದಕ್ಕೇ ನಾನು ಕಾಲು ತಿರುಗಿಸುವ ಹಿಡಿಕೆಯನ್ನು ರಾತ್ರಿ ಡ್ರೈವರ್ ಸೀಟಿನ ಮೇಲೇ ಇಡುತ್ತೇನೆ.

ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಿ. ಟಿಕೆಟ್‌ನಲ್ಲಿರುವ ಚೆಕ್-ಇನ್‌ಗಿಂತ ಒಂದು ಗಂಟೆಯಾದರೂ ಮುಂಚೆ ಬಂದರಿನಲ್ಲಿರಿ. ಫ್ರಾನ್ಸಿನ ಪಾಸ್‌ಪೋರ್ಟ್ ತಪಾಸಣೆ ಡೋವರ್‌ನಲ್ಲೇ ಆಗುತ್ತದೆ, ಬೆರಳಚ್ಚು, ಫೋಟೋ ಕೇಳುವ ಇಇಎಸ್ ವ್ಯವಸ್ಥೆ 2025ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ಭಾರತದ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್ ವೀಸಾ ಬೇಕೇ ಬೇಕು. ಹೊರಡುವ ಮೊದಲು ಗ್ಯಾಸ್ ಸಿಲಿಂಡರ್‌ನ ವಾಲ್ವ್ ಮುಚ್ಚಿ.

ಊಟದ ವಿಷಯ ನಮ್ಮವರಿಗೆ ತಿಳಿದಿರಲಿ. ಬ್ರಿಟನ್ನಿನಿಂದ ಯುರೋಪಿಯನ್ ಒಕ್ಕೂಟಕ್ಕೆ ಹಾಲು, ಮೊಸರು, ತುಪ್ಪ, ಮಾಂಸ ಒಯ್ಯುವಂತಿಲ್ಲ. ಹಣ್ಣಿನಲ್ಲಿ ಬಾಳೆ, ಅನಾನಸ್, ಖರ್ಜೂರ ನಡೆಯುತ್ತದೆ, ತೆಂಗಿನಕಾಯಿಗೂ ಅಡ್ಡಿಯಿಲ್ಲ. ಆದ್ದರಿಂದ ಫ್ರಿಜ್ಜಿನ ಮೊಸರನ್ನು ಆ ರಾತ್ರಿಯೇ ಮೊಸರನ್ನ ಕಲಸಿ ಮುಗಿಸಿಬಿಡಿ, ಹೊಸ ಡಬ್ಬಿ ಕ್ಯಾಲೆಯ ಅಂಗಡಿಯಲ್ಲಿ ಕೊಂಡರಾಯಿತು.