ಕಾಲೇಜಿನ ಪ್ರಾಜೆಕ್ಟ್ ಊರವರ ಮುಂದೆ: ಲಿನೋ ಚಿತ್ರಗಳ ಪ್ರದರ್ಶನ ಮಾಡೋದು ಹೀಗೆ

ಚಿತ್ರಕಲೆ ಓದುವಾಗ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಜ್ಜಿಯ ಅಡುಗೆಮನೆಯ ಸಾಮಾನುಗಳನ್ನು ಲಿನೋ ಹಾಳೆಯಲ್ಲಿ ಕೆತ್ತಿದ್ದೆ. ಲಿನೋ ಅಂದರೆ ಉಳಿಯಿಂದ ಕೆತ್ತಬಹುದಾದ ಮೆತ್ತನೆಯ ಹಾಳೆ. ಕೆತ್ತದೆ ಉಳಿದ ಭಾಗಕ್ಕೆ ಇಂಕ್ ಹಚ್ಚಿ ಕಾಗದಕ್ಕೆ ಒತ್ತಿದರೆ ಚಿತ್ರ ಮೂಡುತ್ತದೆ. ಈಳಿಗೆಮಣೆ, ಮೊರ, ಬೀಸುವ ಕಲ್ಲು, ಕುಟ್ಟಾಣಿ. ಒಟ್ಟು 12 ಚಿತ್ರ. ಪರೀಕ್ಷಕರು ನೋಡಿ ಅಂಕ ಕೊಟ್ಟರು. ಆಮೇಲೆ ಎಲ್ಲವೂ ಮಂಚದ ಕೆಳಗೆ ಸೇರಿದವು. ನಿಮ್ಮ ಮಂಚದ ಕೆಳಗೂ ಅಂಥ ಕೆಲಸ ಇದ್ದರೆ ಹೊರಗೆ ತೆಗೆಯಿರಿ.

ಮೊದಲು ಜಾಗ. ಗ್ಯಾಲರಿಯೇ ಬೇಕು ಅಂತ ಕಾಯಬೇಡಿ. 1938ರಲ್ಲಿ ಗುಜರಾತಿನ ಹರಿಪುರದ ಕಾಂಗ್ರೆಸ್ ಅಧಿವೇಶನಕ್ಕೆ ಚಿತ್ರಕಲಾವಿದ ನಂದಲಾಲ್ ಬೋಸ್ ತಮ್ಮ ವಿದ್ಯಾರ್ಥಿಗಳ ಜೊತೆ ಸೇರಿ ರೈತರು, ಡೋಲು ಬಾರಿಸುವವರು, ಬಡಗಿಗಳ ಚಿತ್ರ ಬರೆದು ತೂಗುಹಾಕಿದ್ದರು. ಗ್ಯಾಲರಿ ಮೆಟ್ಟಿಲು ಹತ್ತದ ಜನ ಅಲ್ಲಿ ಚಿತ್ರ ನೋಡಿದರು. ನಿಮಗೆ ಪಂಚಾಯಿತಿ ಗ್ರಂಥಾಲಯದ ಒಂದು ಗೋಡೆ ಸಾಕು. ಒಂದು ಪತ್ರ ಬರೆದು ಅನುಮತಿ ಕೇಳಿ. ಸಂತೆಯ ದಿನವಾದರೆ ಜನ ಜಾಸ್ತಿ.

ಇನ್ನು ಪ್ರಿಂಟ್ ತೆಗೆಯೋದು. ಹಳೆಯ ಬ್ಲಾಕ್, ಅಂದರೆ ಕೆತ್ತಿದ ಲಿನೋ ಹಾಳೆ, ಇದ್ದರೆ ಅದೇ ಸಾಕು. ಹೊಸದು ಕೆತ್ತುವುದಾದರೆ ಲಿನೋ ಹಾಳೆಯನ್ನು ಸ್ವಲ್ಪ ಹೊತ್ತು ಬಿಸಿಲಿಗಿಡಿ. ಮೆತ್ತಗಾಗುತ್ತದೆ, ಉಳಿ ಸಲೀಸಾಗಿ ಓಡುತ್ತದೆ. ಇನ್ನೊಂದು ಕೈ ಯಾವಾಗಲೂ ಉಳಿಯ ಹಿಂದೆಯೇ ಇರಲಿ. ಚಿತ್ರದ ಕೆಳಗೆ ಕನ್ನಡದಲ್ಲಿ ಹೆಸರು ಕೆತ್ತುವಾಗ ಎಚ್ಚರ. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ನನ್ನ ಮೊದಲ ‘ಕುಟ್ಟಾಣಿ’ ಉಲ್ಟಾ ಬಂದು ಇಡೀ ಬ್ಲಾಕ್ ಹಾಳಾಯಿತು. ಟ್ರೇಸಿಂಗ್ ಹಾಳೆಯಲ್ಲಿ ಬರೆದು, ಹಾಳೆ ತಿರುವಿ ಹಾಕಿ ಗುರುತು ಮಾಡಿಕೊಂಡರೆ ಒತ್ತಕ್ಷರ ಎಲ್ಲಿ ಬರಬೇಕೋ ಅಲ್ಲೇ ಬರುತ್ತದೆ.

ಗಾಜಿನ ತುಂಡಿನ ಮೇಲೆ ಇಂಕ್ ಹಾಕಿ ರೋಲರ್ ಉರುಳಿಸಿ. ಚಿರ್ ಚಿರ್ ಅಂತ ಸಣ್ಣ ಸದ್ದು ಬಂದರೆ ಹದ ಸರಿ ಇದೆ. ಅದೇ ರೋಲರ್‌ನಿಂದ ಬ್ಲಾಕಿಗೆ ಇಂಕ್ ಹಚ್ಚಿ. ಮೇಲೆ ಕಾಗದ ಹೊದಿಸಿ ಸ್ಟೀಲ್ ಚಮಚದ ಬೆನ್ನಿಂದ ಉಜ್ಜಿ, ಪ್ರೆಸ್ ಬೇಡ. ಒಂದು ಮೂಲೆ ಎತ್ತಿ ನೋಡಿ, ಮಸುಕಾಗಿದ್ದರೆ ಮತ್ತೆ ಉಜ್ಜಿ. ಎಣ್ಣೆ ಇಂಕ್ ಒಣಗಲು ದಿನಗಳೇ ಬೇಕು. ಹಾಗಾಗಿ ಒಂದು ವಾರ ಮೊದಲೇ ಮುಗಿಸಿ. ತಲಾ 20 ಪ್ರಿಂಟ್ ತೆಗೆದರೆ ಕೆಳಗೆ ಪೆನ್ಸಿಲ್‌ನಲ್ಲಿ 1/20, 2/20 ಅಂತ ಬರೆದು ಸಹಿ ಹಾಕಿ.

ಗೋಡೆಗೆ ಮೊಳೆ ಹೊಡೆಯಬೇಡಿ. ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಿಂದ ನೇತುಹಾಕಿ. ಮಕ್ಕಳಿಗಾಗಿ ಒಂದು ಸಾಲು ಕೆಳಗಿರಲಿ. ಯಾರದಾದರೂ ಮುಖ ಬರೆದಿದ್ದರೆ ಮೊದಲು ಅವರಿಗೇ ತೋರಿಸಿ ಒಪ್ಪಿಗೆ ಕೇಳಿ, ಇದನ್ನು ಮಾತ್ರ ಬಿಡಬೇಡಿ.

ನನ್ನ ಪ್ರಕಾರ ಬಹಳ ಮುಖ್ಯವಾದದ್ದು ಮೂಲೆಯ ಮೇಜು. ಅದರ ಮೇಲೆ ಬ್ಲಾಕ್, ಉಳಿ, ಕೆಟ್ಟುಹೋದ ಪ್ರಿಂಟ್ ಎಲ್ಲ ಇಡಿ. ನೀರಿನ ಇಂಕ್ ಇಟ್ಟು, ಬಂದವರೇ ಒಂದೊಂದು ಪ್ರಿಂಟ್ ತೆಗೆದುಕೊಳ್ಳಲಿ. ಕೈಗೆ ಹತ್ತಿದರೂ ಸೋಪಿನಲ್ಲಿ ಹೋಗುತ್ತದೆ. ಸುಮ್ನೆ ನೋಡಿ ಹೋಗುವವರು ಅಲ್ಲೇ ನಿಲ್ಲುತ್ತಾರೆ, ಮಾತಾಡುತ್ತಾರೆ. ಪಕ್ಕದಲ್ಲೊಂದು ನೋಟ್‌ಬುಕ್ ಇರಲಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ.

ನನ್ನ ಪ್ರದರ್ಶನಕ್ಕೆ ತರಕಾರಿ ಚೀಲ ಹಿಡಿದು ಬಂದ ಅಜ್ಜಿಯೊಬ್ಬರು ಈಳಿಗೆಮಣೆಯ ಚಿತ್ರದ ಮುಂದೆ ತುಂಬಾ ಹೊತ್ತು ನಿಂತರು. “ಕೂರೋ ಹಲಗೆ ಇಷ್ಟು ಕಿರಿದಾಗಿರಲ್ಲ ಕಣಮ್ಮಾ. ಇದರ ಮೇಲೆ ಕೂತು ಹೆಚ್ಚಿದ್ದೀಯಾ ನೀನು?” ಅಂದರು. ಇಲ್ಲ ಅಜ್ಜಿ ಅಂದೆ. ಕಾಲೇಜಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಮುಂದಿನ ವಾರ ಅವರ ಮನೆಗೇ ಹೋದೆ. ಹಲಗೆಯ ಮೇಲೆ ಕೂತು ಎರಡು ಬದನೆಕಾಯಿ ಹೆಚ್ಚಿದೆ. ಆಮೇಲೆ ಅದನ್ನೇ ಮುಂದಿಟ್ಟುಕೊಂಡು ಹೊಸ ಬ್ಲಾಕಿಗೆ ಗುರುತು ಹಾಕಿದೆ.