ಹಳೆಯ ಸಾಮಾನಿನಲ್ಲಿ ಹೊಸ ಅಡುಗೆಮನೆ

ಕಡಿಮೆ ಖರ್ಚಿನಲ್ಲಿ ಅಡುಗೆಮನೆ ಹೊಸದಾಗಬೇಕೆಂದರೆ ಸಿಂಕಿನ ಜಾಗ ಮಾತ್ರ ಬದಲಿಸಬೇಡಿ. ಕೊಳೆನೀರು ಹೋಗುವ ಪೈಪಿಗೆ ಮೀಟರಿಗೆ ಸುಮಾರು 2 ಸೆಂ.ಮೀ. ಇಳಿಜಾರು ಬೇಕು. ಸಿಂಕನ್ನು 3 ಮೀಟರ್ ಆಚೆ ಒಯ್ದರೆ 6 ಸೆಂ.ಮೀ. ಇಳಿಜಾರಿಗಾಗಿ ನೆಲವನ್ನೋ ಗೋಡೆಯನ್ನೋ ಒಡೆಯಬೇಕು. ಹಳೆಯ ಸಾಮಾನು ಕೊಂಡು ಉಳಿಸಿದ ದುಡ್ಡು ಅಲ್ಲಿಗೇ ಖರ್ಚಾಗಿಬಿಡುತ್ತದೆ.

ಆಮೇಲೆ ಅಳತೆ. ಗೋಡೆ ನೆಟ್ಟಗಿದೆ ಎಂದು ನಂಬಬೇಡಿ. ನೆಲದ ಹತ್ತಿರ, ಸೊಂಟದ ಮಟ್ಟದಲ್ಲಿ, ತಲೆಯ ಮಟ್ಟದಲ್ಲಿ ಹೀಗೆ ಮೂರು ಸಲ ಅಳೆದು, ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಬರೆದುಕೊಳ್ಳಿ. ಮೂಲೆಯಿಂದ ಒಂದು ಗೋಡೆಗೆ 60 ಸೆಂ.ಮೀ., ಇನ್ನೊಂದಕ್ಕೆ 80 ಸೆಂ.ಮೀ. ಗುರುತು ಹಾಕಿ. ಎರಡು ಗುರುತುಗಳ ನಡುವೆ ಸರಿಯಾಗಿ 100 ಬಂದರೆ ಮೂಲೆಮಟ್ಟ ಸರಿಯಿದೆ. ಕಟ್ಟೆಯ ಎತ್ತರ ಅಡುಗೆ ಮಾಡುವವರ ಮೈಗೆ ತಕ್ಕಂತಿರಲಿ: ನೆಟ್ಟಗೆ ನಿಂತು ಮೊಣಕೈ ಮಡಚಿದಾಗ ಅದಕ್ಕಿಂತ 10ರಿಂದ 15 ಸೆಂ.ಮೀ. ಕೆಳಗಿದ್ದರೆ ಬೆನ್ನು ನೋಯುವುದಿಲ್ಲ. ಈ ಚೀಟಿಯೂ ಒಂದು ಟೇಪೂ ಸದಾ ಚೀಲದಲ್ಲಿರಲಿ. ಹಳೆಯ ಸಾಮಾನು ಕಂಡಾಗಲೇ ತೀರ್ಮಾನಿಸಬೇಕಾಗುತ್ತದೆ.

ಕೊಳ್ಳುವಾಗ ಸಿಂಕು ಮೊದಲು, ಕಟ್ಟೆಯ ಕಲ್ಲು ಆಮೇಲೆ, ಕಪಾಟು ಕೊನೆಗೆ. ಸಿಕ್ಕ ಸಿಂಕಿಗೆ ಬಡಗಿ ಮರ ಹೊಂದಿಸಬಲ್ಲ. ಮರ ಕತ್ತರಿಸಿಯಾದ ಮೇಲೆ ಅದೇ ಅಳತೆಯ ಹಳೆಯ ಸಿಂಕು ಹುಡುಕುವುದು ಬಹಳ ಕಷ್ಟ. ಸ್ಟೀಲ್ ಸಿಂಕಿನ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಸುಲಭಕ್ಕೆ ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲಿಗೆ ಅದು ಗಟ್ಟಿಯಾಗಿ ಅಂಟುವುದಿಲ್ಲ, ಬಾಗಿದ ಮೂಲೆಯಲ್ಲಿ ಸ್ವಲ್ಪ ಎಳೆದರೆ ಚಿಂತೆಯಿಲ್ಲ.

ಹಳೆಯ ಗ್ರಾನೈಟ್ ಚಪ್ಪಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಮೋಸ ಹೋಗುವುದೂ ಅದರಲ್ಲೇ. ಒದ್ದೆ ಬಟ್ಟೆಯಿಂದ ಮೇಲ್ಮೈ ಪೂರ್ತಿ ಒರೆಸಿ ಐದು ನಿಮಿಷ ಕಾಯಿರಿ. ಉಳಿದದ್ದೆಲ್ಲ ಒಣಗುವಾಗ ಒಂದು ಗೆರೆ ಮಾತ್ರ ಕಪ್ಪಾಗಿ ಉಳಿದರೆ ಅದರ ಮೇಲೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರಿಗೆ ತಡೆದರೆ ಬಿರುಕೆಂದೇ ತಿಳಿದು ಬಿಟ್ಟುಬಿಡಿ. ಸಿಂಕಿನ ಕಿಂಡಿ ಕೊರೆದಿರುವ ಕಲ್ಲಾದರೆ ಕಿಂಡಿಯ ಮೂಲೆಗಳನ್ನು ಎರಡು ಸಲ ನೋಡಿ, ಬಿರುಕು ಹುಟ್ಟುವುದೇ ಅಲ್ಲಿಂದ. 20 ಮಿ.ಮೀ. ದಪ್ಪದ ಗ್ರಾನೈಟ್ ಚದರ ಮೀಟರಿಗೆ ಸುಮಾರು 54 ಕೆ.ಜಿ. ತೂಗುತ್ತದೆ. 2 ಮೀಟರ್ ಉದ್ದ, 60 ಸೆಂ.ಮೀ. ಅಗಲದ ತುಂಡೇ 65 ಕೆ.ಜಿ. ಅದನ್ನು ಅಂಗಾತ ಹೊತ್ತರೆ ತನ್ನ ಭಾರಕ್ಕೆ ತಾನೇ ಮುರಿಯಬಹುದು. ಬಾಗಿಲಿನ ಹಾಗೆ ಅಂಚಿನ ಮೇಲೆ ನಿಲ್ಲಿಸಿ, ಕಿಂಡಿಯಿರುವ ಕಡೆ ಹಲಗೆ ಕಟ್ಟಿ, ಹಾಗೇ ಗಾಡಿಗೇರಿಸಿ.

ಕಪಾಟಿನಲ್ಲಿ ಹೊಳಪು ನೋಡಬೇಡಿ, ತಳ ನೋಡಿ. ಪಾರ್ಟಿಕಲ್ ಬೋರ್ಡ್ (ಮರದ ಚೂರು ಅಂಟಿಸಿ ಒತ್ತಿದ ಹಲಗೆ) ನೀರು ಕುಡಿದು ಒಮ್ಮೆ ಉಬ್ಬಿದರೆ ಮತ್ತೆ ಇಳಿಯದು, ಸ್ಕ್ರೂ ಕೂಡ ಹಿಡಿಯದು. ಪ್ಲೈವುಡ್ ಆದರೆ ಅಂಚಿನಲ್ಲಿ ಪದರಗಳು ಕಾಣುತ್ತವೆ, ಅವು ಬಿಟ್ಟುಕೊಂಡಿರಬಾರದು. ಗಟ್ಟಿ ಮರವನ್ನು ಬೆರಳಿನಿಂದ ತಟ್ಟಿ ನೋಡಿ: ಟೊಳ್ಳು ಸದ್ದು ಬಂದರೆ, ಸಂದಿಯಲ್ಲಿ ಮಣ್ಣಿನ ಗೆರೆಯೋ ಮರದ ಪುಡಿಯೋ ಇದ್ದರೆ ಮನೆಯೊಳಗೆ ತರಲೇಬೇಡಿ. ಚೌಕಟ್ಟು ಗಟ್ಟಿಯಿದ್ದು ಕೀಲು ಸಡಿಲವಾಗಿದ್ದರೆ ಧೈರ್ಯವಾಗಿ ಕೊಳ್ಳಿ. ಬಾಗಿಲಿನ ಒಳಬದಿಯ ದುಂಡು ತೂತಿನಲ್ಲಿ ಕೂರುವ ಕೀಲಿನ ಬಟ್ಟಲು ಸಾಮಾನ್ಯವಾಗಿ 35 ಮಿ.ಮೀ. ಇರುತ್ತದೆ, ಹೊಸದು ಅದೇ ತೂತಿಗೆ ಕೂರುತ್ತದೆ. ಬಹಳ ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಒಣ ಉಪ್ಪುಕಾಗದದಿಂದ ಉಜ್ಜಿ ಪುಡಿ ಎಬ್ಬಿಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಗೋಡೆಗೆ ಉಳಿಕೆ ಟೈಲ್ಸ್ ಸಾಕು. ಬೇಕಾದ್ದಕ್ಕಿಂತ ನೂರಕ್ಕೆ 10 ಹೆಚ್ಚು ತನ್ನಿ, ದಪ್ಪ ಒಂದೇ ಇರಲಿ.

ಗ್ಯಾಸಿನ ಪೈಪು, ರೆಗ್ಯುಲೇಟರ್, ವೈರು, ಸ್ವಿಚ್ಚು, ನಲ್ಲಿಯ ವಾಷರ್, ಸಿಂಕಿನ ಕೆಳಗಿನ ಪೈಪು ಇವಿಷ್ಟನ್ನು ಹಳೆಯದು ತರಬೇಡಿ, ಪುಕ್ಕಟೆ ಕೊಟ್ಟರೂ ಬೇಡ. ಇವುಗಳಿಗೆ ಬೇಕಾದ ದುಡ್ಡನ್ನು ಮೊದಲೇ ಎತ್ತಿಡಿ. ಅದರ ಜೊತೆಗೆ ಒಟ್ಟು ಲೆಕ್ಕದ ಐದನೇ ಒಂದು ಭಾಗ ಮುಟ್ಟದೆ ಇಟ್ಟಿರಿ, ಹಳೆಯ ಗೋಡೆ ಒಡೆದಾಗ ಒಳಗೆ ಏನಿದೆಯೆಂದು ಮೊದಲೇ ತಿಳಿಯುವುದಿಲ್ಲ.

ಕಲ್ಲು ಕೂರಿಸಿ ಸಿಂಕಿನ ಸುತ್ತ ಸಿಲಿಕಾನ್ ಹಾಕಿದ ಮೇಲೆ ಒಂದು ದಿನ ನೀರು ತಾಗಿಸಬೇಡಿ. ಮರುದಿನ ಸಿಂಕು ತುಂಬಿಸಿ, ಪೈಪಿನ ಕೆಳಗೆ ಒಣ ಕಾಗದ ಹಾಸಿ, ನೀರನ್ನು ಒಮ್ಮೆಲೇ ಬಿಡಿ. ಕಾಗದದ ಮೇಲೆ ಹನಿ ಬಿದ್ದ ಕಡೆ ವಾಷರ್ ಬಿಚ್ಚಿ ಮತ್ತೆ ಕೂರಿಸಿ. ಕಾಗದ ಪೂರ್ತಿ ಒಣಗಿಯೇ ಉಳಿದ ಮೇಲೆ ಕೆಳಗಿನ ಬಾಗಿಲು ಹಾಕಿಸಿ.