ಮೀಟರ್ ಹೇಳುವ ಲೆಕ್ಕ, ಗಾಡಿ ಹೇಳುವ ಲೆಕ್ಕ

ಹಳೆಯ ಕಾರು ನೋಡಲು ಹೋದಾಗ ನಾನು ಕಿಲೋಮೀಟರ್ ಮೀಟರನ್ನು ಕೊನೆಗೆ ನೋಡುತ್ತೇನೆ. ಜೊತೆಗೆ ಬರುವ ಗಿರಾಕಿಗೂ ಮೊದಲೇ ಹೇಳಿರುತ್ತೇನೆ: ಸಂಖ್ಯೆ ನಿಮ್ಮ ಕಣ್ಣಿಗೆ ಬಿದ್ದರೂ ನನಗೆ ಹೇಳಬೇಡಿ. ಕಿವಿಗೆ ಬಿದ್ದ ಮೇಲೆ ಮನಸ್ಸು ಆ ಸಂಖ್ಯೆಗೆ ಒಪ್ಪುವ ಗುರುತುಗಳನ್ನೇ ಹುಡುಕತೊಡಗುತ್ತದೆ. ಗಾಡಿಯನ್ನು ಮೇಲೆ ಕೆಳಗೆ ಪೂರ್ತಿ ನೋಡಿ, ಇಷ್ಟರಿಂದ ಇಷ್ಟರವರೆಗೆ ಓಡಿರಬಹುದು ಎಂದು ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಮೀಟರಿನ ಮುಂದೆ ಕೂರುತ್ತೇನೆ. ಎರಡೂ ಹೊಂದಿದರೆ ಸರಿ. ಹೊಂದದಿದ್ದರೆ ಯಾಕೆ ಹೊಂದಲಿಲ್ಲ ಎಂದು ಹುಡುಕುವುದೇ ಮುಂದಿನ ಕೆಲಸ.

ಬಳ್ಳಾರಿಯಲ್ಲಿ ನನ್ನದೊಂದು ಗ್ಯಾರೇಜು. ಪದ್ಮಿನಿ, ಅಂಬಾಸಿಡರ್, ಕಾಂಟೆಸ್ಸಾ, ಮೊದಲ ಕಾಲದ ಮಾರುತಿ 800 ಇವುಗಳನ್ನು ಪ್ರೀತಿಯಿಂದ ಹುಡುಕಿ ಕೊಳ್ಳುವವರು ನಮ್ಮ ಕಡೆಯೂ ಹೆಚ್ಚಾಗಿದ್ದಾರೆ. ಪದ್ಮಿನಿ 2000ದ ಹೊತ್ತಿಗೆ ನಿಂತಿತು, ಕಾಂಟೆಸ್ಸಾ 2002ರಲ್ಲಿ, ಅಂಬಾಸಿಡರ್ ಮತ್ತು 800 ಎರಡೂ 2014ರಲ್ಲಿ. ಹೊಸದು ಇನ್ನು ಬರುವುದಿಲ್ಲ ಎಂದಾದ ಮೇಲೆ ‘ಕಡಿಮೆ ಓಡಿದ ಗಾಡಿ’ ಅನ್ನುವ ಮಾತಿಗೆ ಬೆಲೆ ಬಂತು. ಬೆಲೆ ಬಂದ ಮೇಲೆ ಮೀಟರ್ ಹಿಂದಕ್ಕೆ ತಿರುಗಿಸುವವರೂ ಬಂದರು.

ಈ ಕೆಲಸದಲ್ಲಿ ಮೊದಲು ಬೇಕಾದದ್ದು ವಯಸ್ಸಿನ ಗುರುತನ್ನೂ ಓಟದ ಗುರುತನ್ನೂ ಬೇರೆ ಬೇರೆ ಮಾಡಿ ನೋಡುವ ಅಭ್ಯಾಸ. ನಮ್ಮ ಬಿಸಿಲಿನಲ್ಲಿ ಇದು ಇನ್ನೂ ಅಗತ್ಯ. ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ನೆರಳಿಲ್ಲದೆ ನಾಲ್ಕಾರು ವರ್ಷ ನಿಂತ ಗಾಡಿಯ ಡ್ಯಾಶ್‌ಬೋರ್ಡು ಬಿರಿಯುತ್ತದೆ, ಬಾಗಿಲ ರಬ್ಬರು ಒಣಗಿ ಮುರಿಯುತ್ತದೆ, ಟೈರಿನ ಪಕ್ಕದಲ್ಲಿ ಸೀಳು ಬೀಳುತ್ತದೆ, ಬಣ್ಣ ಸುಣ್ಣದಂತೆ ಕೈಗೆ ಹತ್ತುತ್ತದೆ. ಇದನ್ನು ನೋಡಿ ‘ಬಹಳ ಓಡಿದ ಗಾಡಿ’ ಎಂದು ಹಿಂದೆ ಸರಿದವರನ್ನು ಕಂಡಿದ್ದೇನೆ. ಅದೆಲ್ಲ ಬಿಸಿಲಿನ ಕೆಲಸ, ಒಂದು ಕಿಲೋಮೀಟರ್ ಓಡದಿದ್ದರೂ ಆಗುತ್ತದೆ. ಅದೇ ಜನ ಹೊಸ ಸೀಟ್ ಕವರು, ಹೊಸ ಪೆಡಲ್ ರಬ್ಬರು, ಹೊಳೆಯುವ ಪೇಂಟು ನೋಡಿ ‘ಓಡೇ ಇಲ್ಲ’ ಎಂದು ನಂಬುತ್ತಾರೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಯಾವುದನ್ನೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬದಲಿಸಬೇಕೆಂದು ಯಾರಿಗೂ ಹೊಳೆಯದ ಜಾಗಗಳಲ್ಲಿ ನನ್ನ ಕಣ್ಣಿರುತ್ತದೆ.

ಪೆಡಲಿನ ರಬ್ಬರು ಹೊಸದಿರಬಹುದು, ಆದರೆ ಪೆಡಲ್ ತೂಗುವ ಪಿನ್ನು, ಬುಷ್ಷು? ಕ್ಲಚ್ ಪೆಡಲನ್ನು ಕೈಯಿಂದ ಎಡಕ್ಕೆ ಬಲಕ್ಕೆ ಅಲುಗಿಸುತ್ತೇನೆ. ಚಾಲಕನ ಬಾಗಿಲನ್ನು ಅರ್ಧ ತೆರೆದು ತುದಿಯಿಂದ ಮೇಲಕ್ಕೆ ಎತ್ತಿ ನೋಡುತ್ತೇನೆ. ಕೀಲು ಸವೆದಿದ್ದರೆ ಅಲ್ಲೇ ಕಟಕ್ ಅನ್ನುತ್ತದೆ. ಆಮೇಲೆ ಎಡಗಡೆಯ ಹಿಂಬಾಗಿಲನ್ನೂ ಹಾಗೆಯೇ ಎತ್ತುತ್ತೇನೆ. ಎರಡರ ನಡುವಿನ ವ್ಯತ್ಯಾಸ ಬಹಳ ಹೇಳುತ್ತದೆ, ಏಕೆಂದರೆ ವಯಸ್ಸು ಎರಡು ಬಾಗಿಲಿಗೂ ಒಂದೇ, ಬಳಕೆ ಮಾತ್ರ ಬೇರೆ. ಗಾಜು ಇಳಿಸುವ ಹಿಡಿಕೆ, ಸೀಟು ಹಿಂದೆ ಮುಂದೆ ಸರಿಯುವ ಹಳಿ, ಕೀಲಿಯ ಹಲ್ಲು, ಪದ್ಮಿನಿಯಾದರೆ ಸ್ಟೇರಿಂಗ್ ಪಕ್ಕದ ಗೇರ್ ಕೋಲಿನ ಸಡಿಲ, ಎಲ್ಲವನ್ನೂ ಹೀಗೆ ನೋಡುತ್ತೇನೆ. ಮುಂಗಾಜು ಮೊದಲಿನದೇ ಆಗಿದ್ದರೆ ಸಂಜೆ ಬಿಸಿಲಿಗೆ ಎದುರಾಗಿ ನಿಲ್ಲಿಸಿ ಒಳಗೆ ಕೂರುತ್ತೇನೆ. ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಓಡಿದ ಗಾಜಿನಲ್ಲಿ ಮರಳು ಹೊಡೆದ ಸಣ್ಣ ಸಣ್ಣ ಚುಕ್ಕಿ ನೂರಾರು ಕಾಣುತ್ತವೆ. ಅದನ್ನು ಪಾಲಿಶ್ ಮಾಡಿ ತೆಗೆಯಲಾಗದು.

ಬ್ರೇಕ್ ಡ್ರಮ್ಮು ಬಿಚ್ಚಲು ಮಾರುವವರು ಒಪ್ಪಿದರೆ ಖಂಡಿತ ಬಿಚ್ಚುತ್ತೇನೆ. ಪದ್ಮಿನಿಗೆ ನಾಲ್ಕೂ ಗಾಲಿಗೆ ಡ್ರಮ್ಮೇ. ಲೈನರು ತಿಕ್ಕಿದ ಜಾಗ ಸವೆದು, ಅಂಚಿನಲ್ಲಿ ತಿಕ್ಕದ ಲೋಹ ದಂಡೆಯಂತೆ ಉಳಿದಿರುತ್ತದೆ. ಆ ದಂಡೆಗೆ ಉಗುರು ಸಿಕ್ಕಿಕೊಂಡರೆ ಗಾಡಿ ಮೂವತ್ತು-ನಲವತ್ತು ಸಾವಿರ ಕಿ.ಮೀ. ಮಾತ್ರ ಓಡಿದ್ದಲ್ಲ. ಲೇತಿಗೆ ಹಾಕಿ ಸಮ ಮಾಡಿಸಿದ್ದರೆ ಉಳಿಯ ಗೆರೆ ಅಂಚಿನವರೆಗೂ ಕಾಣುತ್ತದೆ. ಡ್ರಮ್ಮು ಲೇತಿಗೆ ಹೋಗುವಷ್ಟು ಓಡಿತ್ತೇ ಎಂದು ಕೇಳುವುದಕ್ಕೆ ಅದೇ ಕಾರಣ ಸಾಕು.

ಎಂಜಿನ್ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ವಿಚಿತ್ರ ಅನ್ನಿಸುತ್ತದೆ. ಓಡಿದ ದೂರ ತಿಳಿಯಲು ಎಂಜಿನ್ನನ್ನು ನಾನು ಬಹಳ ನಂಬುವುದಿಲ್ಲ. ಹೊಗೆ ಇಲ್ಲ, ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಎಲ್ಲ ಸಿಲಿಂಡರಿನಲ್ಲೂ ಸಮ ಇದೆ ಅಂದರೆ ಎಂಜಿನ್ ಈಗ ಚೆನ್ನಾಗಿದೆ ಎಂದಷ್ಟೇ ಅರ್ಥ. ಸವೆದ ಸಿಲಿಂಡರನ್ನು ಕೊರೆಸಿ, ಅಂದರೆ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿದ್ದರೂ ಹಾಗೆಯೇ ಇರುತ್ತದೆ. ಅದಕ್ಕೇ ಪ್ಲಗ್ಗು ಬಿಚ್ಚಿ, ಮೊಬೈಲಿಗೆ ಜೋಡಿಸುವ ತೆಳುವಾದ ಕ್ಯಾಮೆರಾ ಒಳಗಿಳಿಸಿ ಪಿಸ್ಟನ್ ತಲೆ ನೋಡುತ್ತೇನೆ. ಕರಿ ತೆಳ್ಳಗಿದ್ದರೆ ಮೇಲೆ ಒತ್ತಿದ ಅಂಕಿ ಕೆಲವೊಮ್ಮೆ ಓದಲು ಸಿಗುತ್ತದೆ. ಅಲ್ಲಿ ಓವರ್‌ಸೈಜ್ ಅಂಕಿ, ಅಂದರೆ ಮೂಲದ್ದಕ್ಕಿಂತ ದೊಡ್ಡ ಪಿಸ್ಟನ್ನಿನ ಗುರುತು ಇದ್ದರೆ, ಈ ಎಂಜಿನ್ ಒಮ್ಮೆ ಬಿಚ್ಚುವಷ್ಟು ಸವೆದಿತ್ತು ಎಂದು ಗೊತ್ತಾಯಿತು.

ಇನ್ನು ಮಾತು. ಮಾರುವವರ ಮನೆಯಲ್ಲಿ ಚಹಾ ಕುಡಿಯುತ್ತ ಕೂರುವ ಅರ್ಧ ಗಂಟೆಗೆ ನಾನು ಬಹಳ ಬೆಲೆ ಕೊಡುತ್ತೇನೆ. ರಾಯಚೂರಿನಲ್ಲಿ ಒಂದು ಪದ್ಮಿನಿ ನೋಡಲು ಹೋಗಿದ್ದೆ. ಎಂಬತ್ತರ ದಶಕದ ಕೊನೆಯ ಗಾಡಿ, ಒಬ್ಬರೇ ಮಾಲೀಕರು, ಅವರು ತೀರಿಕೊಂಡಿದ್ದರು. ಮಗನನ್ನು ಕೇಳಿದೆ:

“ತಂದೆಯವರು ಗಾಡಿ ಎಲ್ಲೆಲ್ಲಿಗೆ ಒಯ್ತಿದ್ರು ರೀ?”

“ಎಲ್ಲಿಗೂ ಇಲ್ರೀ. ಗುರುವಾರಕ್ಕೊಮ್ಮೆ ಮಂತ್ರಾಲಯಕ್ಕ ಹೋಗಿ ರಾಯರ ದರ್ಶನ ಮಾಡ್ಕೊಂಡು ಬರ್ತಿದ್ರು, ಅಷ್ಟ. ಮತ್ತ ಶೆಡ್ಡಿನಿಂದ ಹೊರಗ ತೆಗದಿದ್ದೇ ಕಡಿಮಿ. ಇಪ್ಪತ್ತು ವರ್ಷ ಹಂಗ ನಡೆಸ್ಯಾರ.”

ಆತ ಅದನ್ನು ಕಡಿಮೆ ಓಟಕ್ಕೆ ಆಧಾರವಾಗಿ ಹೇಳಿದ್ದು, ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ. ನಾನು ಚೀಟಿ ತೆಗೆದು ಬರೆದೆ. ರಾಯಚೂರಿನಿಂದ ಮಂತ್ರಾಲಯ ಸುಮಾರು 45 ಕಿ.ಮೀ. ಹೋಗಿ ಬಂದರೆ 90. ಜ್ವರ, ಮಳೆ, ಊರಲ್ಲಿಲ್ಲದ ವಾರ ಎಲ್ಲ ಕಳೆದು ವರ್ಷಕ್ಕೆ ನಲವತ್ತು ಗುರುವಾರ ಹಿಡಿದರೂ 3,600. ಇಪ್ಪತ್ತು ವರ್ಷಕ್ಕೆ 72,000. ಇದರ ಮೇಲೆ ಮದುವೆ, ಆಸ್ಪತ್ರೆ, ಊರೊಳಗಿನ ಓಡಾಟ. ಬಾಗಿಲ ಕೀಲು, ಡ್ರಮ್ಮಿನ ದಂಡೆ, ಗೇರ್ ಕೋಲಿನ ಸಡಿಲ ನೋಡಿ ನಾನು ಅದಾಗಲೇ 1.2ರಿಂದ 1.5 ಲಕ್ಷ ಎಂದು ಬರೆದಿದ್ದೆ. ಮೀಟರಿನ ಮುಂದೆ ಕೂತಾಗ ಅಲ್ಲಿದ್ದದ್ದು 38 ಸಾವಿರ ಚಿಲ್ಲರೆ.

ಯಾರೂ ಮೋಸ ಮಾಡಿರಲಿಲ್ಲ. ಆ ಕಾಲದ ಬಹಳಷ್ಟು ಗಾಡಿಗಳಂತೆ ಅದರ ಮೀಟರಿನಲ್ಲೂ ಕಿಲೋಮೀಟರಿಗೆ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಅಂದರೆ ಅದು 1,38,000 ಓಡಿದ ಗಾಡಿ. ಶೆಡ್ಡಿನ ಗೂಡಿನಲ್ಲಿದ್ದ ಹಳೆಯ ಬಿಲ್ಲುಗಳ ಕಟ್ಟನ್ನು ತರಿಸಿ ಹುಡುಕಿದಾಗ ತೊಂಬತ್ತು ಸಾವಿರ ದಾಟಿದ ಮೇಲೆ ಟೈರ್ ಬದಲಿಸಿದ ಬಿಲ್ಲೊಂದು ಸಿಕ್ಕಿತು. ಅದಾದ ಕೆಲವು ವರ್ಷಗಳ ನಂತರದ ಬ್ಯಾಟರಿ ಕಾರ್ಡಿನಲ್ಲಿ ನಾಲ್ಕೇ ಸಾವಿರ. ಆ ಎರಡು ಕಾಗದ ಎದುರಿಗಿಟ್ಟ ಮೇಲೆ ವಾದಕ್ಕೆ ಜಾಗವಿರಲಿಲ್ಲ. ಗಿರಾಕಿಗೆ ಕೊಳ್ಳಿ ಎಂದೇ ಹೇಳಿದೆ, ಬೆಲೆ ಮಾತ್ರ 1.38 ಲಕ್ಷ ಕಿ.ಮೀ. ಓಡಿದ ಗಾಡಿಯದ್ದು. ಅಷ್ಟು ಓಡಿಯೂ ಒಬ್ಬರ ಕೈಯಲ್ಲೇ ಚೆನ್ನಾಗಿ ಉಳಿದ ಪದ್ಮಿನಿ ನನ್ನ ಕಣ್ಣಿಗೆ ಹುಟ್ಟು ಗೊತ್ತಿಲ್ಲದ, ಮೂವತ್ತು ಸಾವಿರ ಕಿ.ಮೀ. ಓಡಿದ ಗಾಡಿಗಿಂತ ದೊಡ್ಡದು.

ಮೀಟರನ್ನೇ ತಿರುಗಿಸಿದ್ದರೆ ಹೇಗೆ ತಿಳಿಯುವುದು? ಅಂಕಿಗಳು ಒಂದೇ ಗೆರೆಯಲ್ಲಿ ಕೂತಿವೆಯೇ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ಸರಿ. ಸವೆದ ಮೀಟರಿನಲ್ಲಿ ಯಾರೂ ಮುಟ್ಟದಿದ್ದರೂ ಅಂಕಿ ಏರುಪೇರಾಗಬಹುದು. ಕೈ ಪಳಗಿದವನು ತಿರುಗಿಸಿದರೆ ನೆಟ್ಟಗೂ ಇರಬಹುದು. ಗೇರ್ ಪೆಟ್ಟಿಗೆಯಿಂದ ಬಂದು ಮೀಟರನ್ನು ತಿರುಗಿಸುವ ಕೇಬಲ್ಲಿಗೆ ಡ್ರಿಲ್ ಹಚ್ಚಿ ಹಿಂದಕ್ಕೆ ಓಡಿಸುತ್ತಾರೆ ಅನ್ನುವ ಮಾತೂ ಇದೆ. ಲೆಕ್ಕ ಹಾಕಿ ನೋಡಿ: ಜಪಾನಿ ಅಳತೆಯ ಮೀಟರಿಗೆ ಒಂದು ಕಿಲೋಮೀಟರಿಗೆ ಕೇಬಲ್ 637 ಸುತ್ತು ತಿರುಗಬೇಕು. ನಿಮಿಷಕ್ಕೆ 2,500 ಸುತ್ತಿನ ಡ್ರಿಲ್ಲಿನಿಂದ ಗಂಟೆಗೆ ಸುಮಾರು 235 ಕಿ.ಮೀ. ಇಳಿಯುತ್ತದೆ. 50,000 ಇಳಿಸಲು ಹಗಲು ರಾತ್ರಿ ಬಿಡದೆ ಒಂಬತ್ತು ದಿನ ಬೇಕು. ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಆದ್ದರಿಂದ ದೊಡ್ಡ ಮೊತ್ತ ಇಳಿಸುವವರು ಮೀಟರ್ ಬಿಚ್ಚಿಯೇ ಬಿಚ್ಚುತ್ತಾರೆ. ಬಿಚ್ಚಿದ ಗುರುತು ಉಳಿದೇ ಉಳಿಯುತ್ತದೆ: ಸ್ಕ್ರೂ ತಲೆಯಲ್ಲಿ ಹೊಸ ಹೊಳಪು, ಗಾಜಿನ ಸುತ್ತಿನ ಬಳೆಯ ಅಂಚು ಎತ್ತಿ ಮತ್ತೆ ಮಡಿಸಿದ ಸುಕ್ಕು, ಅಂಕಿಯ ಚಕ್ರಗಳ ಪಕ್ಕದಲ್ಲಿ ಸೂಜಿ ಗೀರು, ಸುತ್ತಲೂ ಹಳೆಯ ದೂಳಿದ್ದು ಚಕ್ರಗಳ ಮೇಲೆ ಮಾತ್ರ ಸ್ವಚ್ಛ.

ನಮ್ಮ ಕಡೆಯ ಮಣ್ಣು ಕೊಡುವ ಗುರುತು ಬೇರೆ ಊರಿನವರಿಗೆ ಸಿಗದು. ಸಿರುಗುಪ್ಪದ ಕಡೆಯ ಒಂದು ಅಂಬಾಸಿಡರ್ ನೋಡಲು ಕರೆದಿದ್ದರು. ‘ಮನಿ, ಹೊಲ, ಬಿಟ್ರೆ ಊರೊಳಗಣ ಸಂತಿ, ಅಷ್ಟೇ ಓಡೈತೆ ಅಣ್ಣಾ’ ಅಂದರು ಮಾರುವವರು. ಸಿರುಗುಪ್ಪ ಭತ್ತದ ಸೀಮೆ, ಎರೆ ಭೂಮಿ. ಅಲ್ಲಿ ಓಡಿದ ಗಾಡಿಯ ಸಂದುಗಳಲ್ಲಿ ಬೂದು ಕಪ್ಪು ಮಣ್ಣು ಗಟ್ಟಿಯಾಗಿ ಕೂತಿರಬೇಕು. ನಾನು ಹೆಡ್‌ಲೈಟಿನ ಬಟ್ಟಲು ಬಿಚ್ಚಿದೆ, ಬಾಗಿಲ ತಳದ ನೀರಿಳಿಯುವ ತೂತಿನಲ್ಲಿ ತಂತಿ ಆಡಿಸಿದೆ. ಬಂದದ್ದು ನುಣುಪಾದ, ತೂಕದ, ಕಡುಗೆಂಪು ದೂಳು. ಸಂಡೂರು, ತೋರಣಗಲ್ಲು, ಹೊಸಪೇಟೆಯ ಅದಿರು ದಾರಿಗಳಲ್ಲಿ ಓಡಾಡಿದವರಿಗೆ ಅದನ್ನು ಪರಿಚಯಿಸಬೇಕಿಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೂ ಆ ದಾರಿಗಳಲ್ಲಿ ಬಾಡಿಗೆ ಗಾಡಿಗಳಿಗೆ ಬಿಡುವೇ ಇರಲಿಲ್ಲ. ದಿನಕ್ಕೆ ನೂರು ನೂರೈವತ್ತು ಕಿಲೋಮೀಟರ್ ಸಾಮಾನ್ಯ. ಈ ಗಾಡಿಯ ಮೀಟರಿನಲ್ಲಿ 54 ಸಾವಿರ ಇತ್ತು. ಒಪ್ಪಿಗೆ ಪಡೆದು ಮೀಟರ್ ಹೊರತೆಗೆದಾಗ ಚಕ್ರಗಳ ಪಕ್ಕದಲ್ಲಿ ಗೀರುಗಳು ಸ್ಪಷ್ಟವಾಗಿದ್ದವು. ಮಾರುವವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೂ ಇದನ್ನು ಎರಡು ವರ್ಷದ ಹಿಂದೆ ಬ್ರೋಕರ್ ಒಬ್ಬನಿಂದ ತಂದದ್ದು ಅಂದರು. ನನ್ನ ಗಿರಾಕಿ ಕೊಳ್ಳಲಿಲ್ಲ.

ನಿಜವಾಗಿ ಕಡಿಮೆ ಓಡಿದ ಗಾಡಿ ಹೇಗಿರುತ್ತದೆ ಎಂದು ಕೇಳಿದರೆ, ಅದು ಹೊಸದರ ಹಾಗೆ ಇರುವುದಿಲ್ಲ. ನಿಂತು ನಿಂತು ಕೆಟ್ಟಿರುತ್ತದೆ. ಗಂಗಾವತಿಯಲ್ಲಿ ನೋಡಿದ ಹಳೆಯ ಮಾರುತಿ 800 ಒಂದರ ಪೆಟ್ರೋಲ್ ಟ್ಯಾಂಕಿನಲ್ಲಿ ತುಕ್ಕಿತ್ತು, ಬ್ರೇಕಿನ ವೀಲ್ ಸಿಲಿಂಡರ್ ಹಿಡಿದುಕೊಂಡಿತ್ತು, ಬಣ್ಣ ಮಂಕು. ಆದರೆ ಪೆಡಲಿನ ಮೂಲ ರಬ್ಬರಿನ ಗೆರೆಗಳು ಹರಿತವಾಗಿದ್ದವು, ಕೀಲಿಯ ಹಲ್ಲು ಚೂಪಾಗಿತ್ತು, ಬಾಗಿಲುಗಳು ಒಂದೇ ಬೆರಳಿಗೆ ಮುಚ್ಚುತ್ತಿದ್ದವು, ಡ್ರಮ್ಮಿನಲ್ಲಿ ಉಗುರಿಗೆ ಸಿಗುವಷ್ಟು ದಂಡೆ ಇರಲಿಲ್ಲ. ವಯಸ್ಸು ತುಂಬಾ, ಓಟ ಕಡಿಮೆ. ಮೀಟರು 29 ಸಾವಿರ ಅಂದಾಗ ನಂಬಲು ನನಗೆ ಕಷ್ಟವಾಗಲಿಲ್ಲ.

ಮೀಟರ್ ಸರಿ ಓಡುತ್ತಿದೆಯೇ ಎನ್ನುವುದು ಬೇರೆ ಪ್ರಶ್ನೆ. ಬಳ್ಳಾರಿ–ಹೊಸಪೇಟೆ ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು ಹತ್ತು ಕಿಲೋಮೀಟರ್ ಓಡಿಸುತ್ತೇನೆ. ವೇಗದ ಮುಳ್ಳು ಆಡುತ್ತಿದ್ದೂ ಅಂಕಿ ನಿಂತಿರಬಹುದು, ಏಕೆಂದರೆ ಮುಳ್ಳು ಆಯಸ್ಕಾಂತದಿಂದ ಆಡುತ್ತದೆ, ಅಂಕಿ ಹಲ್ಲುಚಕ್ರದಿಂದ. ಟೈರು ದೊಡ್ಡದು ಹಾಕಿದ್ದರೂ ಮೀಟರ್ ಕಡಿಮೆ ತೋರಿಸುತ್ತದೆ. ಕೇಬಲ್ ತುಂಡಾಗಿ ವರ್ಷಗಟ್ಟಲೆ ಹಾಗೇ ಓಡಿಸಿದ ಗಾಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೇಬಲ್ ಹೊಸದು ಕಂಡರೆ ಯಾವಾಗ ಹಾಕಿಸಿದ್ದು ಎಂದು ಕೇಳದೆ ಬಿಡುವುದಿಲ್ಲ.

ಎಲೆಕ್ಟ್ರಾನಿಕ್ ಮೀಟರಿನ ಗಾಡಿಗಳಲ್ಲಿ ಸಂಖ್ಯೆ ಒಂದು ಚಿಪ್ಪಿನಲ್ಲಿರುತ್ತದೆ, ಗೀರು ಬೀಳದೆ ಬದಲಿಸಬಹುದು. ಕೆಲವು ಗಾಡಿಗಳಲ್ಲಿ ಬೇರೆ ಕಂಟ್ರೋಲ್ ಪೆಟ್ಟಿಗೆಯಲ್ಲೂ ಓಟ ದಾಖಲಾಗಿರುತ್ತದೆ, ಸ್ಕ್ಯಾನರ್ ಇರುವವರ ಬಳಿ ಓದಿಸಬೇಕು. ಅಲ್ಲೂ ಬಾಗಿಲ ಕೀಲು, ಸೀಟಿನ ಹಳಿ ನೋಡುವ ಕೆಲಸ ತಪ್ಪುವುದಿಲ್ಲ.

ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಿಂದ ಕೇಂದ್ರದ ವಿಂಟೇಜ್ ನಿಯಮ ಬಂದಿದೆ, ನಂಬರಿನಲ್ಲಿ ‘ವಿಎ’ ಅಕ್ಷರ ಸಿಗುತ್ತದೆ. ಅಂಥ ಗಾಡಿಯ ವಿಷಯದಲ್ಲಿ ಕಿಲೋಮೀಟರಿನ ಚರ್ಚೆ ನಾನು ಮಾಡುವುದಿಲ್ಲ. ಮೀಟರ್ ಎಷ್ಟು ಸುತ್ತು ಹಾಕಿದೆಯೋ ಲೆಕ್ಕ ಸಿಗುವುದು ಕಷ್ಟ. ಮೂಲ ಭಾಗಗಳು ಎಷ್ಟು ಉಳಿದಿವೆ ಎಂದು ನೋಡುವುದು ಮೇಲು.

ಎಲ್ಲ ಮುಗಿದ ಮೇಲೆ ಗಿರಾಕಿಗೆ ಒಂದು ಹಾಳೆಯಲ್ಲಿ ಬರೆದು ಕೊಡುತ್ತೇನೆ: ಮೀಟರಿನ ಸಂಖ್ಯೆ ಇಷ್ಟು, ನನ್ನ ಅಂದಾಜು ಇಷ್ಟರಿಂದ ಇಷ್ಟು, ಕಾರಣಗಳು ಇವು, ಕಾಗದದ ಆಧಾರ ಇದೆ ಅಥವಾ ಇಲ್ಲ. ವಿಮೆ ತಪ್ಪಿಹೋಗಿ ಮತ್ತೆ ಮಾಡಿಸುವಾಗ ಕಂಪನಿಯವರು ಮೀಟರಿನ ಫೋಟೋ ತೆಗೆದಿದ್ದರೆ ಅದನ್ನೂ ಕೇಳಿ ತರಿಸಿಕೊಳ್ಳಲು ಹೇಳುತ್ತೇನೆ. ರಾಯಚೂರಿನ ಪದ್ಮಿನಿ ಕೊಂಡವರಿಗೆ ಇನ್ನೂ ಒಂದು ಮಾತು ಸೇರಿಸಿದ್ದೆ. ಆಯಿಲ್ ಬದಲಿಸಿದಾಗ, ಟೈರ್ ಹಾಕಿಸಿದಾಗ, ಕೇಬಲ್ ತುಂಡಾದಾಗ, ತುಂಡಾದದ್ದು ಮತ್ತೆ ಓಡಲು ಶುರುವಾದಾಗ ತಾರೀಖು ಸಮೇತ ಕಿಲೋಮೀಟರ್ ಬರೆಯಿರಿ, ಬಿಲ್ಲನ್ನು ಅದರ ಜೊತೆಗೇ ಪಿನ್ ಮಾಡಿ. ಅವರು ಒಂದು ನೂರು ಪುಟದ ನೋಟ್‌ಬುಕ್ ತಂದು, ಮೊದಲ ಸಾಲಿನಲ್ಲಿ 1,38,000 ಎಂದು ಬರೆದು, ಹಳೆಯ ಟೈರ್ ಬಿಲ್ಲು ಮತ್ತು ಬ್ಯಾಟರಿ ಕಾರ್ಡನ್ನು ಅದಕ್ಕೆ ಅಂಟಿಸಿದ್ದಾರೆ.